ಬೆಲ್ಲ ಹಾಕದ ಕಾಯಿಹಾಲು

ನಾನು ಒಂದು ತುರಿಮಣೆ. ತಿಪಟೂರು ಸೀಮೆಯ ಬಡಗಿಯೊಬ್ಬನು ಹಲಸಿನ ಹಲಗೆಯಿಂದ ನನ್ನ ಮೈಯನ್ನು ಮಾಡಿದನು. ಕಮ್ಮಾರನು ಕಬ್ಬಿಣದ ಕತ್ತು ಕೂಡಿಸಿ, ಅದರ ತುದಿಯನ್ನು ಅರದಿಂದ ಉಜ್ಜಿ ಹಲ್ಲು ಮೂಡಿಸಿದನು. ಮೊದಲ ತೆಂಗಿನಕಾಯಿಯ ಹಾಲು ನನ್ನ ಹಲ್ಲಿಗೆ ತಾಗಿದ ದಿನವೇ ನನ್ನ ಹುಟ್ಟಿದ ದಿನವೆಂದು ನಾನು ಎಣಿಸಿದ್ದೇನೆ.

ನನ್ನನ್ನು ಕೊಂಡವರು ಹಾಲಮ್ಮನವರು. ನಮ್ಮಂಥವರು ಮನೆಯವರ ಮುಖ ನೋಡುವುದು ಕಡಿಮೆ. ಕೂತ ಭಾರದಿಂದ ಅವರನ್ನು ಅರಿಯುತ್ತೇವೆ. ಹಾಲಮ್ಮನವರು ಗಟ್ಟಿಯಾಗಿ ಕೂರುತ್ತಿದ್ದರು. ಅವರ ಸೊಸೆ ಸರ್ವಮಂಗಳಮ್ಮ ಬಂದಾಗ ಹಕ್ಕಿ ಕೂತಂತಾಯಿತು. ಅತ್ತೆ ಹಾಸಿಗೆ ಹಿಡಿದ ವರ್ಷ ನನ್ನನ್ನು ಸೊಸೆಗೆ ಒಪ್ಪಿಸಿದರು.

"ಇನ್ಮೇಲೆ ಇದು ನಿಂದು ಕಣೆ. ಕರಟ ಕೆರೀಬೇಡ, ಸಾರು ಕಪ್ಪಾಗ್ತದೆ."

ಸರ್ವಮಂಗಳಮ್ಮ ತುರಿಯುವಾಗ ಶಿವನಾಮವನ್ನು ಮೆಲ್ಲಗೆ ಗುನುಗುತ್ತಿದ್ದರು. ಆ ದನಿ ಅವರ ಮೈಯಿಂದಿಳಿದು ನನ್ನ ಹಲಗೆಗೂ ಬರುತ್ತಿತ್ತು. ಅದಕ್ಕಿಂತ ದೊಡ್ಡ ಸುಖವನ್ನು ನಾನು ಕಾಣಲಿಲ್ಲ.

ಅವರ ಯಜಮಾನರು ಪಾಲಾಕ್ಷಯ್ಯನವರು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಕಾಯಿ ಕಡಿಮೆಯಾದ ಸಾರನ್ನು ಅವರು ಸಾರೆಂದು ಒಪ್ಪುತ್ತಿರಲಿಲ್ಲ. ಐವತ್ತು ದಾಟುವ ಹೊತ್ತಿಗೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಸರ್ವಮಂಗಳಮ್ಮ ಬೆಲ್ಲದ ಡಬ್ಬವನ್ನು ಅಟ್ಟಕ್ಕೆ ಏರಿಸಿದರು. ಆದರೆ ಹಬ್ಬದ ದಿನ ಗಂಡನ ಸಪ್ಪೆ ಮುಖ ನೋಡಲಾರದೆ ಹೋದರು. ಒತ್ತುಶಾವಿಗೆಯ ಮೇಲೆ ಗಟ್ಟಿ ಕಾಯಿಹಾಲನ್ನು ತುಂಬ ಸುರಿದು ಬಡಿಸಿದರು.

"ಬೆಲ್ಲ ಹಾಕಿಲ್ಲ, ಧೈರ್ಯವಾಗಿ ಉಣ್ಣಿ."

"ಹಾಗಾದ್ರೆ ಇನ್ನೊಂದು ಸೌಟು ಬಿಡು."

ಅಂದಿನಿಂದ ಸಿಹಿ ಬಿಟ್ಟ ಜಾಗವನ್ನೆಲ್ಲ ಕಾಯಿಯೇ ತುಂಬಿತು. ಪಲ್ಯಕ್ಕೆ ಕಾಯಿ, ಹುಳಿಗೆ ಕಾಯಿ. ಜೊತೆಗೆ ತುಪ್ಪ, ಕೆನೆಮೊಸರು. ಸಕ್ಕರೆಯಿಲ್ಲದ್ದೆಲ್ಲವೂ ಪಥ್ಯವೆಂದು ಅವರಿಬ್ಬರೂ ನಂಬಿದ್ದರು. ನನಗೆ ಬಿಡುವೇ ಇರಲಿಲ್ಲ. ನಾನು ಹಿಗ್ಗಿದೆ.

ಒಂದು ದಿನ ಮೆಟ್ಟಿಲು ಹತ್ತುವಾಗ ಪಾಲಾಕ್ಷಯ್ಯನವರ ಎದೆ ಹಿಡಿದುಕೊಂಡಿತು. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಬಹಳ ಏರಿತ್ತು. ಸಕ್ಕರೆ ಕಾಯಿಲೆಯವರಿಗೆ ಈ ಕೊಬ್ಬು ಹೃದಯಕ್ಕೆ ಇಮ್ಮಡಿ ಅಪಾಯ, ಮಾತ್ರೆಯ ಜೊತೆಗೆ ಊಟವೂ ಬದಲಾಗಬೇಕು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಸರ್ವಮಂಗಳಮ್ಮ ಮನೆಗೆ ಬಂದವರೇ, ಕೈಯಲ್ಲಿ ಕಾಯಿಯಿಲ್ಲದೆ ನನ್ನ ಮೇಲೆ ಕೂತು ಅತ್ತರು.

"ನನ್ ಕೈಯಾರೆ ನಿಮ್ಗೆ ವಿಷ ಇಕ್ಕಿದ್ನಲ್ರೀ."

"ಇಕ್ಕಿದ್ದು ನೀನು, ಕೇಳಿ ಕೇಳಿ ತಿಂದಿದ್ದು ನಾನು. ಪಾಲು ಸಮ ಕಣೆ, ಏಳು."

ಮರುದಿನದಿಂದ ಅಡುಗೆಮನೆಯೇ ಬೇರೆಯಾಯಿತು. ಬೆಂದ ಹುರುಳಿಯನ್ನೇ ಸ್ವಲ್ಪ ರುಬ್ಬಿ ಹಾಕಿ ಸಾರು ಮಂದ ಮಾಡಿದರು. ಸೊಪ್ಪು, ಮೊಳಕೆಕಾಳು ಹೆಚ್ಚಿದವು, ಅನ್ನ ಕಡಿಮೆಯಾಯಿತು. ಮೊಸರಿನ ಕೆನೆ ತೆಗೆದರು, ಒಗ್ಗರಣೆಯ ಎಣ್ಣೆಯನ್ನು ಚಮಚದಲ್ಲಿ ಅಳೆದರು. ಪಾಲಾಕ್ಷಯ್ಯನವರು ಮೊದಮೊದಲು ತಟ್ಟೆಯನ್ನು ನೋಡಿ, "ಇದೇನು, ಎತ್ತಿಗೆ ಬೇಯಿಸಿದ್ದು ನನಗೆ ಬಂತಾ?" ಎನ್ನುತ್ತಿದ್ದರು. "ಎತ್ತು ತಿಂದು ಸುಮ್ನಿರುತ್ತೆ, ಮಾತಾಡಲ್ಲ," ಎಂದು ಉತ್ತರ ಬರುತ್ತಿತ್ತು. ಆಕೆಯೂ ಅದನ್ನೇ ಉಣ್ಣುತ್ತಿದ್ದರು. ಮುಂದಿನ ಪರೀಕ್ಷೆಗಳಲ್ಲಿ ಕೊಬ್ಬು ಇಳಿಯಿತು. ನನ್ನ ಕೆಲಸವೂ ಇಳಿಯಿತು. ಸರ್ವಮಂಗಳಮ್ಮ ನನ್ನ ಮೇಲೆ ಕೂತೊಡನೆ ಏಳುತ್ತಿದ್ದರು. ಯಜಮಾನರು ಬದುಕಬೇಕೆಂದು ನಾನೂ ಬಯಸಿದೆನು. ಆದರೂ ಆ ಗುನುಗು ಇನ್ನಷ್ಟು ಹೊತ್ತು ಇರಬಾರದೇ ಎಂದು ಹಂಬಲಿಸಿದೆನು.

ಹೀಗೆ ವರುಷಗಳು ಕಳೆದವು. ಕಳೆದ ಶ್ರಾವಣದಲ್ಲಿ ಜ್ವರದ ನೆಪದಲ್ಲಿ ಸರ್ವಮಂಗಳಮ್ಮನೇ ಲಿಂಗೈಕ್ಯರಾದರು. ಅವರ ಮಗನ ಹೆಂಡತಿ ಉಷಾಳಿಗೆ ಮಿಕ್ಸಿ ಇದೆ. ನನ್ನನ್ನು ಗೋಡೆಗೆ ಒರಗಿಸಿದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸೋಮವಾರ ಪಾಲಾಕ್ಷಯ್ಯನವರು ಪೂಜೆ ಮುಗಿಸಿ ಬಂದು, ನನ್ನನ್ನು ತಾವೇ ನೆಲಕ್ಕಿಟ್ಟು ಕೂತರು. ಆ ಭಾರ ನನಗೆ ಹೊಸದು. ಒಡೆದ ಕಾಯಿಯ ಎರಡು ಹೋಳನ್ನೂ ತುರಿಯತೊಡಗಿದರು. ಉಷಾ ಓಡಿಬಂದಳು.

"ಮಾವ, ಅಷ್ಟೊಂದು ಯಾಕೆ? ಅತ್ತೆ ಇದ್ದಿದ್ರೆ ಬಿಡ್ತಿದ್ರಾ?"

"ಅವಳಿದ್ದಿದ್ರೆ ನಾನ್ಯಾಕಮ್ಮ ತುರೀತಿದ್ದೆ? ಇನ್ನು ಯಾರಿಗೋಸ್ಕರ ಈ ಪಥ್ಯ?"

ಉಷಾ ಅಲ್ಲೇ ನಿಂತಳು. ತಟ್ಟೆಯ ತುಂಬ ಬೆಳ್ಳಗೆ ತುರಿಯಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ನಿಮ್ಮತ್ತೆ ಮನೆಗೆಲ್ಲ ಎಷ್ಟು ಹಾಕ್ತಿದ್ಲು?"

"ಒಂದು ಹಿಡಿ, ಮಾವ."

ಅವರು ಒಂದು ಹಿಡಿ ತೆಗೆದು ಬಟ್ಟಲಿಗೆ ಹಾಕಿದರು. ಆಮೇಲೆ ತಮ್ಮ ಅಗಲವಾದ ಅಂಗೈಯನ್ನು ನೋಡಿಕೊಂಡರು. ಬಟ್ಟಲಿನಿಂದ ಅರ್ಧದಷ್ಟನ್ನು ತಿರುಗಿ ತಟ್ಟೆಗೆ ಸುರಿದರು.

"ಅವಳ ಕೈ ಚಿಕ್ಕದು ಕಣಮ್ಮ."

ಈಗ ನನ್ನ ಹಲ್ಲು ಮೊಂಡಾಗಿದೆ, ಹಲಗೆ ಸೀಳಿದೆ. ಆದರೂ ಸೋಮವಾರ ಮಾತ್ರ ನನ್ನ ಕೆಲಸವನ್ನು ಅವರು ಮಿಕ್ಸಿಗೆ ಬಿಟ್ಟುಕೊಡುವುದಿಲ್ಲ. ತುರಿಯಬೇಕಾದದ್ದು ಸ್ವಲ್ಪವೇ, ಬೇಗ ಮುಗಿದುಹೋಗುತ್ತದೆ. ಮುಗಿದ ಮೇಲೂ ಅವರು ಹಾಗೆಯೇ ಕೂತಿರುತ್ತಾರೆ. ಅವರು ಏಳಲೆಂದು ನಾನೂ ಬಯಸುವುದಿಲ್ಲ.