ಕಿಲುಂಡ ಮೈದಾನದ ಗೇಟು

ಕಿಲುಂಡ ಊರಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಜರ್ಮನರು ಬಂದದ್ದಕ್ಕೆ ಒಂದು ಅಧ್ಯಾಯ, ಅವರು ಹೋದದ್ದಕ್ಕೆ ಇನ್ನೊಂದು ಅಧ್ಯಾಯ ಕೊಟ್ಟ ಮೇಲೆ, ಮೂರನೆಯದನ್ನು ಒಂದಿಂಚಿನ ನೀರಿನ ಪೈಪಿನ ಸೋರಿಕೆಗೆ ಮೀಸಲಿಡಬೇಕಾಗುತ್ತದೆ. ಇದು ತಮಾಷೆಯ ಮಾತಲ್ಲ. ಆ ಪೈಪು ಸೋರದಿದ್ದರೆ ಬೆನೆಡಿಕ್ಟೊ ಲುವಾಂಡ ಎಂಬ ಮರ್ಯಾದಸ್ಥರು ಹತ್ತು ದಿನ ಅನ್ನ ಸೇರದೆ ಒದ್ದಾಡುತ್ತಿರಲಿಲ್ಲ.

ಲುವಾಂಡ ಇಪ್ಪತ್ತೆರಡು ವರ್ಷ ಮಿಷನ್ ಶಾಲೆಯಲ್ಲಿ ಲೆಕ್ಕ ಕಲಿಸಿ, ಈಗ ಪ್ರಾಂತ್ಯದ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯಾಗಿದ್ದವರು. ಊರಿಗೆಲ್ಲ ಈಗಲೂ ಮೇಷ್ಟ್ರೇ. ಕಪ್ಪಿನ ಫೈನಲ್ ಎಂದರೆ ದಾರ್‌ನಲ್ಲಿ, ಆ ಮಹಾನಗರದ ಕಡಲ ಗಾಳಿ ಬೀಸುವ ದೊಡ್ಡ ಸ್ಟೇಡಿಯಂನಲ್ಲಿ ನಡೆಯುವುದು ರೂಢಿ. ಆ ಸಲ ಫೈನಲ್ಲಿಗೆ ಬಂದ ಕಿತ್ತಳೆ ಅಂಗಿಯ ಮ್ವಾಂಬಾ, ನೇರಳೆ ಅಂಗಿಯ ತುಫಾನಿ, ಎರಡೂ ದಾರ್‌ನ ತಂಡಗಳೇ. ಒಂದರ ಕಚೇರಿಯಿಂದ ಬೈದರೆ ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರ. ಆದರೆ ರಾಷ್ಟ್ರೀಯ ಸಂಘದವರಿಗೆ ಆಟವನ್ನು ದೇಶದ ಮೂಲೆಮೂಲೆಗೂ ಒಯ್ಯುವ ಹುಕಿ ಬಂತು. ಮೂಲೆ ಹುಡುಕಿದರು. ಬಸ್ಸಿನಲ್ಲಿ ಹದಿನಾಲ್ಕು ಗಂಟೆ ದೂರದ, ಜೂನ್ ತಿಂಗಳ ಚಳಿಗಾಲದಲ್ಲಿ ಮಾತಾಡಿದರೆ ಬಾಯಿಂದ ಹಬೆ ಏಳುವ ಕಿಲುಂಡ ಸಿಕ್ಕಿತು. ಅಷ್ಟು ದೂರ ಯಾರು ಬರುತ್ತಾರೆ, ಹನ್ನೆರಡು ಸಾವಿರ ಟಿಕೆಟು ಹೋಗುತ್ತದೆಯೇ ಎಂದು ಸಭೆಯಲ್ಲಿ ಯಾರೋ ಅನುಮಾನಪಟ್ಟಾಗ, ಎದ್ದು ನಿಂತು, ದಾರ್‌ನವರು ಬರದಿದ್ದರೆ ಬೇಡ, ನಮ್ಮ ಜನರಿಂದಲೇ ಮೈದಾನ ತುಂಬಿಸುತ್ತೇನೆ ಎಂದು ಬರೆದುಕೊಟ್ಟವರು ಲುವಾಂಡ ಮೇಷ್ಟ್ರು. ಪಕ್ಕದಲ್ಲಿ ಕೂತಿದ್ದ ಪ್ರಾಂತ್ಯದ ಕಮಿಷನರಮ್ಮ ತಮ್ಮ ಪುಟ್ಟ ಪುಸ್ತಕ ತೆಗೆದು ಏನನ್ನೋ ಗುರುತು ಹಾಕಿಕೊಂಡರು.

ಆ ಪುಸ್ತಕ ಎಂದರೆ ಇಡೀ ಪ್ರಾಂತ್ಯಕ್ಕೆ ನಡುಕ. ಕಮಿಷನರಮ್ಮ ಯಾರನ್ನೂ ಕಚೇರಿಗೆ ಕರೆದು ಗದರಿಸುವವರಲ್ಲ. ಸಾವಿರ ಜನ ಸೇರಿದ ಕಡೆ ಮೈಕು ಹಿಡಿದು, ಇಂಥವರು ಎಲ್ಲಿದ್ದಾರೆ, ಮುಂದೆ ಬಂದು ಜನಕ್ಕೆ ಉತ್ತರ ಹೇಳಲಿ ಎನ್ನುವವರು. ಹೋದ ವರ್ಷ ನೀರಿನ ಇಂಜಿನಿಯರು ತಾವೇ ಬಿಟ್ಟ ಕೆಂಪು ನೀರನ್ನು ವೇದಿಕೆಯ ಮೇಲೆ ಒಂದು ಲೋಟ ಕುಡಿಯಬೇಕಾಯಿತು. ಪಶುವೈದ್ಯರು ಮೈಕಿನ ಮುಂದೆ ನಿಂತು ತಮ್ಮ ಹೆಸರನ್ನೇ ಮರೆತದ್ದು ಎಲ್ಲರ ಫೋನಿನಲ್ಲೂ ಇದೆ. ಮದುವೆಮನೆಗಳಲ್ಲಿ ಊಟಕ್ಕೆ ತಡವಾದರೆ ಅದನ್ನೇ ಹಾಕಿಕೊಂಡು ನಗುತ್ತಾರೆ. ಮೈಕಿನ ಮುಂದೆ ನಿಂತ ಸಂಜೆಯೇ ಪಶುವೈದ್ಯರ ಕೆಲಸವೂ ಹೋಗಿತ್ತು. ನಕ್ಕವರಲ್ಲಿ ಲುವಾಂಡರೂ ಒಬ್ಬರು. ಈಗ ಕಣ್ಣು ಮುಚ್ಚಿದರೆ ಆ ಚಿತ್ರದಲ್ಲಿ ಪಶುವೈದ್ಯರ ಬದಲು ತಮ್ಮ ಮುಖವೇ ಕಾಣುತ್ತಿತ್ತು.

ಯಾಕೆಂದರೆ ಫೈನಲ್ಲಿಗೆ ಆರು ದಿನ ಉಳಿದಿದ್ದಾಗ ಮಾರಾಟವಾಗಿದ್ದದ್ದು ಮುನ್ನೂರ ಹದಿನಾಲ್ಕು ಟಿಕೆಟು. ಅದರಲ್ಲಿ ಇನ್ನೂರು, ಮುಖ್ಯೋಪಾಧ್ಯಾಯರು ಹೆದರಿಸಿದ್ದಕ್ಕೆ ಶಿಕ್ಷಕರು ಕೊಂಡದ್ದು. ಎಂಬತ್ತು, ಇಗರ್ಜಿಯ ಹಾಡುಗಾರರು ಲುವಾಂಡರ ಮುಖ ನೋಡಿ ಕೊಂಡದ್ದು.

ಮೊದಮೊದಲು ಅವರು ಚಳಿಯ ಮೇಲೆ ತಪ್ಪು ಹೊರಿಸಿದರು. ಆಮೇಲೆ ಆಲೂಗಡ್ಡೆ ಕೀಳುವ ಕಾಲ ಎಂದರು. ಕೊನೆಗೆ ತಾಳಲಾರದೆ ಮಾರುಕಟ್ಟೆಗೆ, ಊರವರು ಆತುಪೆಲೆಯ ಅಮ್ಮ ಎನ್ನುವವಳ ಅಂಗಡಿಗೆ ಹೋದರು. ಆಕೆ ಆಲೂಗಡ್ಡೆ ಕರಿದು, ಮೇಲೆ ಮೊಟ್ಟೆ ಒಡೆದು ಕೊಡುವವಳು. ಸಂಘದ ಟಿಕೆಟು ಮಾರುವುದಕ್ಕೂ ಒಪ್ಪಿಕೊಂಡಿದ್ದಳು. ಟಿಕೆಟಿನ ಕಟ್ಟು ಎಣ್ಣೆ ಡಬ್ಬಿಯ ಕೆಳಗೆ ಕೊಟ್ಟದ್ದು ಕೊಟ್ಟ ಹಾಗೇ ಇತ್ತು, ಎಣ್ಣೆ ಹೀರಿ ಪಾರದರ್ಶಕವಾಗಿತ್ತು.

ಜನಕ್ಕೆ ಏನಾಗಿದೆ ಎಂದು ಮೇಷ್ಟ್ರು ಕೇಳಿದರು. ಆಕೆ ಬಾಣಲೆಯಿಂದ ಕಣ್ಣೆತ್ತಲಿಲ್ಲ.

"ಗೇಟಿಗೆ ಮಾಟದ ಕಟ್ಟು ಹಾಕಿದಾರಂತಲ್ಲ ಮೇಷ್ಟ್ರೇ. ಮೊದಲು ದಾಟಿದವರಿಗೆ ಅದು ತಗಲೋದು. ಮೊದಲನೆಯವರು ಯಾರಾಗ್ತಾರೆ ಹೇಳಿ? ಟಿಕೆಟು ತಗೊಂಡು ನಾನೇ ಮೊದಲು ಅಂತ ಹೋಗಿ ನಿಲ್ಲೋಕೆ ನನಗೇನು ಹುಚ್ಚಾ?"

"ಯಾರು ಹಾಕಿದ್ದು?"

"ಕಿತ್ತಳೆಯವರು ಅಂತ ನೇರಳೆಯವರು. ನೇರಳೆಯವರು ಅಂತ ಕಿತ್ತಳೆಯವರು." ಆಕೆ ಜಾಲರಿಯಲ್ಲಿ ಆಲೂಗಡ್ಡೆ ಎತ್ತಿ ಕೊಡವಿದಳು. "ಗುಂಡಿ ತೋಡಿದ್ದಂತೂ ಹಾಲಿನವಳು ಕಣ್ಣಾರೆ ನೋಡಿದಾಳೆ. ಬೆಳಗಿನ ಜಾವ, ಮಂಜಿನಲ್ಲಿ. ಇಬ್ಬರಂತೆ. ಒಬ್ಬ ಮುದುಕ, ಒಬ್ಬ ಕೋಟು ಹಾಕಿದವನು. ಜೊತೆಗೊಂದು ಕರಿ ಕೋಳಿ."

ಕೋಟು ಹಾಕಿದವರು ಲುವಾಂಡರೇ. ಮುದುಕ, ಮೈದಾನದ ಕಾವಲಿನ ಕಿವೇಲೆ ತಾತ. ಕೋಳಿ, ತಾತ ಕೆಲಸ ಮುಗಿಸಿಕೊಂಡು ತಂಗಿಯ ಮನೆಗೆ ಒಯ್ಯಲೆಂದು ಕಟ್ಟಿಹಾಕಿದ್ದದ್ದು. ಗೇಟಿನ ಅಡಿಯ ಪೈಪು ಸೋರಿ ಕೆಸರಾಗಿತ್ತು. ಫೈನಲ್ ದಿನ ಕಮಿಷನರಮ್ಮನ ಕಾಲು ಜಾರಿದರೆ ಗತಿಯೇನೆಂದು, ಅವರ ಮೇಲಿನ ಭಯದಿಂದಲೇ, ಮೇಷ್ಟ್ರು ನಸುಕಿನಲ್ಲಿ ನಿಂತು ರಿಪೇರಿ ಮಾಡಿಸಿದ್ದರು. ಫೈನಲ್ಲಿಗೆ ತಿಂಗಳಿರುವಾಗ ಮೈದಾನದ ಗೇಟಿನಲ್ಲಿ ಗುಂಡಿ ತೋಡಬಾರದು ಎಂಬುದು ಈ ದೇಶದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ದೊಡ್ಡ ತಂಡಗಳಿಗೆ ಮಾಟ ಹೂಳುವ ಈ ಕೆಲಸಕ್ಕೆಂದೇ ಒಂದೊಂದು ತಾಂತ್ರಿಕ ಸಮಿತಿ ಇರುತ್ತದೆ. ಆಟಗಾರರು ಎದುರಾಳಿಯ ಗೇಟು ದಾಟದೆ ಗೋಡೆ ಹಾರಿ ಒಳಗೆ ಬರುತ್ತಾರೆ. ದಂಡ ಹಾಕಿದರೆ ಕೊಟ್ಟು ಮತ್ತೆ ಹಾರುತ್ತಾರೆ. ಎಲ್ಲ ಗೊತ್ತಿದ್ದ ಮೇಷ್ಟ್ರಿಗೆ ಅವತ್ತು ಕೆಸರು ಮಾತ್ರ ಕಂಡಿತ್ತು.

ನಿಜ ಹೇಳಿಬಿಟ್ಟರಾಯಿತು ಎಂದುಕೊಂಡರು. ಲೆಕ್ಕದ ಮೇಷ್ಟ್ರಲ್ಲವೇ, ಉತ್ತರ ಬರೆದು ತೋರಿಸಿದರೆ ಎಲ್ಲರೂ ಒಪ್ಪುತ್ತಾರೆ ಎಂಬ ನಂಬಿಕೆ. ಮಾರನೆಯ ದಿನ ನಡುಹಗಲಿಗೆ, ಎಲ್ಲರೂ ಬಂದು ನೋಡಿ, ಬರೀ ಪೈಪು, ಅಗೆದು ತೋರಿಸುತ್ತೇನೆ ಎಂದು ಡಂಗುರ ಸಾರಿಸಿದರು. ನಾನೂರು ಜನ ಬಂದರು. ರಸ್ತೆಯ ಆಚೆ ಬದಿಯಲ್ಲೇ ನಿಂತರು.

ಕಿವೇಲೆ ತಾತ ಗುದ್ದಲಿ ಹಾಕಿದರು. ಮಣ್ಣು ಸಡಿಲವಿತ್ತು, ಬೇಗ ಬಿಟ್ಟುಕೊಟ್ಟಿತು. ಪೈಪು ಕಂಡಿತು. ಪೈಪಿನ ಕೀಲಿನಲ್ಲಿ, ಕೆಂಪು ದಾರದಿಂದ ಬಿಗಿದು ಗಂಟು ಹಾಕಿದ ಕರಿ ಬಟ್ಟೆಯ ಉಂಡೆಯೂ ಕಂಡಿತು.

ಯಾರೂ ಕೂಗಲಿಲ್ಲ. ರಸ್ತೆಯಾಚೆಯ ನಾನೂರು ಜನ ಒಂದೇ ಉಸಿರು ಒಳಗೆಳೆದುಕೊಂಡ ಸದ್ದಾಯಿತು. ಮೇಷ್ಟ್ರು ಗುಂಡಿಯೊಳಕ್ಕೆ ನೋಡುತ್ತ ನಿಂತರು. ಇಗರ್ಜಿಯ ಹಿರಿಯರು ಅವರು. ಇಂಥದರ ವಿರುದ್ಧ ಎರಡು ಸಲ ಉಪದೇಶ ಮಾಡಿದ್ದವರು. ಆದರೂ ಒಂದು ಹೆಜ್ಜೆ ಹಿಂದೆ ಸರಿದರು.

"ತಾತಾ, ಏನದು?" ಎಂದು ಪಿಸುಗುಟ್ಟಿದರು.

"ಕೊಡೆ ಬಟ್ಟೆ," ಅಂದರು ತಾತ, ಸ್ವಲ್ಪ ಬೇಜಾರಿನಿಂದಲೇ. "ಸೋರ್ತಿತ್ತಲ್ಲ. ಸುತ್ತೋಕೆ ಏನಾದ್ರೂ ಕೊಡಿಸಿ ಅಂದೆ, ನೀವು ಕೊಡಿಸಲಿಲ್ಲ. ಹಳೆ ಕೊಡೆ ಹರಿದು ಸುತ್ತಿದೆ. ಹೆಂಡತಿ ಸ್ವೆಟರಿನ ದಾರ."

ಇದನ್ನು ಜೋರಾಗಿ ಹೇಳಿ ಎಂದು ಮೇಷ್ಟ್ರು ಬೇಡಿಕೊಂಡರು. ತಾತ ಜೋರಾಗಿಯೇ ಹೇಳಿದರು. ಕೇಳಲು ರಸ್ತೆಯಲ್ಲಿ ಯಾರೂ ಉಳಿದಿರಲಿಲ್ಲ. ಸಂಜೆಯೊಳಗೆ ಇಗರ್ಜಿಯ ಹಾಡುಗಾರರು ತಮ್ಮ ಎಂಬತ್ತು ಟಿಕೆಟನ್ನು ವಾಪಸು ತಂದು, ವಿನಯದಿಂದ, ಮೇಷ್ಟ್ರ ಜಗಲಿಯ ಮೇಲೆ ಹಾರದಂತೆ ಕಲ್ಲು ಹೇರಿ ಇಟ್ಟು ಹೋದರು.

ಮರುದಿನ ಕಮಿಷನರಮ್ಮನ ಕಚೇರಿಯಿಂದ ಫೋನು ಬಂತು. ಬರೀ ಇಷ್ಟೇ: ಟಿಕೆಟು ಎಷ್ಟು ಹೋಗಿದೆ ಎಂಬುದನ್ನು ಮೇಡಂ ಆಟದ ನಡುವಿನ ವಿರಾಮದಲ್ಲಿ ಜನರ ಮುಂದೆ ನಿಮ್ಮ ಬಾಯಿಂದಲೇ ಕೇಳುತ್ತಾರೆ. ಮೇಷ್ಟ್ರು ಆಗಲಿ ಎಂದರು. ಫೋನು ಇಟ್ಟ ಮೇಲೂ ನಾಲ್ಕು ಸಲ ಆಗಲಿ ಎಂದರು. ಹೆಂಡತಿ ಸೆಕೆಲಾ ಮುಂದಿಟ್ಟ ಮುದ್ದೆ ಆರಿ ಗಟ್ಟಿಯಾಯಿತು.

ದಾರಿ ತೋರಿಸಿದವಳು ಆತುಪೆಲೆಯ ಅಮ್ಮ. ಅವಳಿಗೂ ಚಿಂತೆಯೇ, ಫೈನಲ್ ಎಂದು ಆರು ಮೂಟೆ ಆಲೂಗಡ್ಡೆ ತರಿಸಿದ್ದಳು.

"ಆಟಗಾರರು ಗೋಡೆ ಹಾರ್ತಾರಲ್ಲ ಮೇಷ್ಟ್ರೇ. ನಾವು ಹಾರೋಕಾಗಲ್ಲ, ಉಟ್ಟ ಬಟ್ಟೆ ಸಿಕ್ಕಿಹಾಕ್ಕೊಳ್ಳತ್ತೆ. ಗೋಡೇನೇ ಬಗ್ಗಿಸಿ."

ನೀಲಗಿರಿ ಮರಗಳ ಕಡೆಯ ಹಿಂಗೋಡೆ ಹಳೆಯ ಇಟ್ಟಿಗೆಯದು. ಅದನ್ನು ಒಡೆಯುವುದು ಸರ್ಕಾರಿ ಆಸ್ತಿಗೆ ಹಾನಿ. ಅದಕ್ಕೆ ಬೇರೆಯೇ ಮೈಕಿದೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೆ ಎರಡು ಭಯಗಳಲ್ಲಿ ಹತ್ತಿರದ್ದೇ ದೊಡ್ಡದು. ಗಾರೆಯವನನ್ನು ಕರೆಸಿ, ನಾಲ್ಕು ಜನ ಒಟ್ಟಿಗೆ ನುಗ್ಗುವಷ್ಟು ಅಗಲಕ್ಕೆ, ಎತ್ತರದವರು ತಲೆ ಬಗ್ಗಿಸುವಷ್ಟು ಎತ್ತರಕ್ಕೆ ಕಂಡಿ ಹೊಡೆಸಿದರು. ಇನ್ನು ಮುಂದೆ ಪ್ರೇಕ್ಷಕರಿಗೆ ಇದೇ ದ್ವಾರ ಎಂದು ಬೋರ್ಡು ಬರೆಸಿದರು. ಆ ದಿನ ಒಂಬೈನೂರು ಟಿಕೆಟು ಹೋಯಿತು.

ಉಳಿದದ್ದನ್ನು ಮಾರಿದ್ದು ಒಂದು ಪ್ರಶ್ನೆ. ಅದು ಮಾರುಕಟ್ಟೆಯಲ್ಲಿ ಯಾರ ಬಾಯಲ್ಲಿ ಹುಟ್ಟಿತೋ ತಿಳಿಯದು: ನಾವೇನೋ ಕಂಡಿಯಿಂದ ನುಗ್ತೀವಿ, ಕಮಿಷನರಮ್ಮ ಎಲ್ಲಿಂದ ಬರ್ತಾರೆ? ಸರ್ಕಾರಿ ಕಾರು, ಬಾವುಟ, ಹಿಂದೆ ಮುಂದೆ ಪೊಲೀಸು. ಅವರು ಗೇಟಿನಿಂದಲೇ ಬರಬೇಕು. ಗೇಟನ್ನು ಇನ್ನೂ ಯಾರೂ ದಾಟಿಲ್ಲ. ಮೊದಲು ದಾಟುವವರು ಅವರೇ. ಇದು ತಿಳಿದದ್ದೇ ತಡ, ಫುಟ್‌ಬಾಲು ಎಂದರೆ ಮೂಗು ಮುರಿಯುತ್ತಿದ್ದ ಮುದುಕಿಯರು ಸಾಲು ನಿಂತರು. ಗುಡ್ಡದ ಚಹಾ ತೋಟಗಳಿಂದ ಲಾರಿಗಳು ಬಂದವು. ನೀರಿನ ಇಂಜಿನಿಯರು ಮನೆಮಂದಿಗೆಲ್ಲ ಕೊಂಡರು. ಪಶುವೈದ್ಯರು ಮುಂದಿನ ಸಾಲೇ ಬೇಕೆಂದು ಹಟ ಮಾಡಿದರು. ಆತುಪೆಲೆಯ ಅಮ್ಮ ಎಣ್ಣೆ ಹೀರಿದ ಟಿಕೆಟುಗಳನ್ನೂ ಬಿಡದೆ ಮಾರಿದಳು.

ಮೇಷ್ಟ್ರು ಹಿಗ್ಗಬೇಕಿತ್ತು. ಬದಲಿಗೆ ಅವರ ಭಯ ಪಕ್ಕ ಬದಲಿಸಿ ಮಲಗಿತು ಅಷ್ಟೇ. ಕಮಿಷನರಮ್ಮ ನಿಜಕ್ಕೂ ಬಿದ್ದರೆ? ಅಗೆದು ಕೊಡೆ ಬಟ್ಟೆ ಬಿಚ್ಚಿದ ಮೇಲೆ ಪೈಪು ಮೊದಲಿಗಿಂತ ಜೋರಾಗಿ ಸೋರುತ್ತಿತ್ತು. ಮತ್ತೆ ಗುದ್ದಲಿ ಹಾಕಿಸುವ ಧೈರ್ಯ ಅವರಿಗೂ ಇರಲಿಲ್ಲ, ತಾತನಿಗೂ ಇರಲಿಲ್ಲ. ಮೇಲೆ ಒಣಮಣ್ಣು ಹರವಿ ತಟ್ಟಿದರು, ಅಷ್ಟೇ. ಫೈನಲ್ ದಿನ ಕೋಟು ತೊಟ್ಟು ಜೇಬಿಗೆ ಕೈ ಹಾಕಿದರೆ ಒಂದು ಹಿಡಿ ಹರಳುಪ್ಪು ಸಿಕ್ಕಿತು. ಸೆಕೆಲಾ ಆ ಕಡೆ ತಿರುಗಿ ಪಾತ್ರೆ ತಿಕ್ಕುತ್ತಿದ್ದಳು. ಇಗರ್ಜಿಯ ಹಿರಿಯರು ಅದನ್ನು ಚೆಲ್ಲಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕಮಿಷನರಮ್ಮನ ಕಾರು ಬಂತು. ಮೈದಾನದಲ್ಲಿ ಹನ್ನೊಂದು ಸಾವಿರಕ್ಕೂ ಮೀರಿದ ಜನ. ಆಟಗಾರರು ಆಗಲೇ ಗೋಡೆ ಹಾರಿ ಬಂದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಒಬ್ಬರೂ ಅವರನ್ನು ನೋಡುತ್ತಿರಲಿಲ್ಲ. ಎಲ್ಲರ ಮುಖವೂ ಗೇಟಿನ ಕಡೆಗಿತ್ತು. ಸದ್ದು ಹಂತಹಂತವಾಗಿ ಇಳಿದು, ನೀಲಗಿರಿ ಎಲೆಗಳ ಸರಪರ ಕೇಳಿಸತೊಡಗಿತು. ಮೇಷ್ಟ್ರು ಗೇಟಿನ ಹೊರಗೆ, ಸ್ವಾಗತಕ್ಕೆ, ಒಬ್ಬರೇ.

ಕಾರು ಗೇಟಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಗಾಜು ಇಳಿಯಿತು. ಕಮಿಷನರಮ್ಮ ಮುಂದಿನ ಮಣ್ಣನ್ನೇ ನೋಡುತ್ತಿದ್ದರು. ಇಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಪ್ರಾಂತ್ಯದಲ್ಲಿ ಯಾರೂ ಕೇಳಿರಲಿಲ್ಲ.

"ಅದು ಇಲ್ಲೇನಾ ಮೇಷ್ಟ್ರೇ?"

"ಬರೀ ಪೈಪು, ಅಮ್ಮಾ."

"ಪೈಪು ಅಂತ ನನಗೂ ಗೊತ್ತು." ಗೇಟಿನ ಕಡೆ ಕೈ ತೋರಿಸಿದರು. "ನೀವು ಮುಂದೆ ನಡೀರಿ."

ಮೇಷ್ಟ್ರು ತಿರುಗಿದರು. ಜೇಬಿನಲ್ಲಿ ಉಪ್ಪು ಹಿಡಿದ ಮುಷ್ಟಿ ಬೆವರಿ ಒದ್ದೆಯಾಗಿತ್ತು. ಮೂರು ಹೆಜ್ಜೆ ಇಟ್ಟರು. ನಾಲ್ಕನೆಯದು ಒಣಮಣ್ಣಿನ ಮೇಲೆ ಬಿತ್ತು. ಮಣ್ಣು ಕಾಲನ್ನು ಮೀನಖಂಡದ ತನಕ ಸದ್ದಿಲ್ಲದೆ ನುಂಗಿತು. ಒಳಗಿಂದ ತಣ್ಣೀರು ಉಕ್ಕಿತು. ಎಳೆದರು, ಬರಲಿಲ್ಲ. ಯಾರೋ ಕೆಳಗಿಂದ ಹಿಡಿದಿದ್ದಾರೆ ಎಂದು ಒಂದು ಕ್ಷಣ, ಇಪ್ಪತ್ತೆರಡು ವರ್ಷದ ಲೆಕ್ಕವೆಲ್ಲ ಮರೆತು, ಖಂಡಿತವಾಗಿ ನಂಬಿದರು. ಮತ್ತೊಮ್ಮೆ ಎಳೆದಾಗ ಕಾಲು ಬಂತು. ಷೂ ಬರಲಿಲ್ಲ. ಒಂದು ಕಾಲಿನಲ್ಲಿ ಷೂ, ಇನ್ನೊಂದರಲ್ಲಿ ಕೆಸರಿನ ಕಾಲುಚೀಲ, ಹೀಗೆ ಗೇಟು ದಾಟಿ ಒಳಗೆ ನಿಂತರು. ಇಡೀ ಮೈದಾನ ನರಳಿತು.

ಹಿಂದೆ ಕಾರಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಕಾರು ಹಿಂದಕ್ಕೆ ಹೋಗುತ್ತಿತ್ತು. ಅದು ಗೋಡೆಯನ್ನು ಸುತ್ತು ಹಾಕಿ ನೀಲಗಿರಿ ಮರಗಳ ಹತ್ತಿರ ನಿಂತಿತು. ಕಮಿಷನರಮ್ಮ ಇಳಿದರು, ತಲೆವಸ್ತ್ರ ಸರಿಮಾಡಿಕೊಂಡರು, ಬಗ್ಗಿದರು, ಕಂಡಿಯಿಂದ ಒಳಗೆ ಬಂದರು.

ವಿರಾಮದಲ್ಲಿ ಮೈಕು ಹಿಡಿದು, ಜನ ಬರುವ ದಾರಿಯೇ ನನ್ನ ದಾರಿ ಎಂದರು, ಚಪ್ಪಾಳೆ ಬಿತ್ತು. ಆಮೇಲೆ ಪುಟ್ಟ ಪುಸ್ತಕ ತೆಗೆದು ಲುವಾಂಡ ಮೇಷ್ಟ್ರು ಎಲ್ಲಿ ಎಂದು ಕೇಳಿದರು. ಮೇಷ್ಟ್ರು ಕಾಲುಚೀಲದಲ್ಲೇ ಕುಂಟುತ್ತ ಹೋಗಿ, ಮೈಕಿನ ಮುಂದೆ ನಿಂತು ಅಂಕಿ ಹೇಳಿದರು. ಕಮಿಷನರಮ್ಮ ಅವರ ಕಾಲನ್ನು ನೋಡಿದರು. ಗೋಡೆ ಒಡೆದದ್ದು ಯಾರು ಎಂದು ಕೇಳಲಿಲ್ಲ. ಕೂತ್ಕೊಳ್ಳಿ ಅಂದರು.

ಗೋಲೇ ಇಲ್ಲದ ಆಟವನ್ನು ಪೆನಾಲ್ಟಿಯಲ್ಲಿ ತುಫಾನಿ ಗೆದ್ದಿತು. ಗೇಟಿಗೆ ಆವತ್ತು ಹಾಕಿದ ಬೀಗವನ್ನು ಮತ್ತೆ ತೆಗೆದಿಲ್ಲ; ಷೂ ತೆಗೆಯಲು ಅಗೆಯಬೇಕು, ಅಗೆಯಲು ಯಾರೂ ಒಪ್ಪುವುದಿಲ್ಲ. ಲುವಾಂಡರು ಈಗಲೂ ಕಾರ್ಯದರ್ಶಿ. ಹನ್ನೆರಡು ಸಾವಿರ ಟಿಕೆಟುಗಳಲ್ಲಿ ಹನ್ನೊಂದು ಸಾವಿರದ ಆರುನೂರ ನಲವತ್ತು ಮಾರಾಟವಾದವು.