ಹಾಜರಾಬಿಯ ಬಾಗಿಲಿಗೆ ಕತ್ತರಿ ಗುರುತು

ಪೋಲಿಯೊ ಹನಿ ಹಾಕುವ ಕೆಲಸಕ್ಕೆ ಸಂಬಳವಿರಲಿಲ್ಲ. ತಲೆಗೊಂದು ಹಳದಿ ಟೊಪ್ಪಿಗೆ, ಹೆಗಲಿಗೊಂದು ಮಂಜುಗಡ್ಡೆಯ ಡಬ್ಬಿ, ಮಧ್ಯಾಹ್ನಕ್ಕೊಂದು ಪೊಟ್ಟಣ ಚಿತ್ರಾನ್ನ, ಅಷ್ಟೇ. ಅಷ್ಟಕ್ಕೇ ಅಮರಗೋಳದ ಹಾಜರಾಬಿ ಎಂಟು ವರ್ಷಗಳಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸುತ್ತುತ್ತಿದ್ದಳು. ಹನಿಯ ಸುತ್ತು ಬಂತೆಂದರೆ ಹೊಲಿಗೆ ಮಶೀನಿಗೆ ಬಟ್ಟೆ ಹೊದಿಸಿ ಹೊರಟೇಬಿಡುವಳು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಆಕೆಯ ಮಗ ಮುಜಮ್ಮಿಲ ಎಡಗಾಲನ್ನು ಎಳೆದುಕೊಂಡು ತನ್ನ ರೇಡಿಯೊ ರಿಪೇರಿ ಅಂಗಡಿಗೆ ಹೋಗುವುದನ್ನು ಊರೆಲ್ಲ ನೋಡಿತ್ತು. ಅವನು ಕೂಸಾಗಿದ್ದಾಗ ಹನಿ ಹಾಕುವವರು ಯಾರೂ ಬಾಗಿಲಿಗೆ ಬಂದಿರಲಿಲ್ಲ.

ಮಕ್ಕಳಿಗೆಲ್ಲ ಹನಿ ಬಿದ್ದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ಪಿ’ ಎಂದು ಬರೆಯುವುದು, ಬೇಡವೆಂದ ಮನೆಗೆ ಕತ್ತರಿ ಗುರುತು ಎಳೆಯುವುದು ಈ ಕೆಲಸದ ಪದ್ಧತಿ. ಕತ್ತರಿ ಬಿದ್ದ ಮನೆಗೆ ಮರುದಿನ ಜೀಪು ಬರುತ್ತಿತ್ತು, ಡಾಕ್ಟರರು ಇಳಿದು ಕೈಮುಗಿದು ಮಾತಾಡುತ್ತಿದ್ದರು. ‘ಪಿ’ ಬಿದ್ದ ಮನೆಯತ್ತ ಯಾರೂ ಹೊರಳಿ ನೋಡುತ್ತಿರಲಿಲ್ಲ. ಒಳ್ಳೆಯವರ ಹಣೆಬರಹ ಎಲ್ಲ ಕಡೆಗೂ ಅದೇ ತಾನೇ.

ಹಾಜರಾಬಿಯ ಓಣಿಗೆ ನಳ ಇರಲಿಲ್ಲ. ಹೆಂಗಸರು ದೂರದ ಮಾರ್ಕೆಟ್ ಯಾರ್ಡಿನ ನೀರಿನ ಟಾಕಿಯಿಂದ ಕೊಡ ಹೊರಬೇಕು. ಹನಿ ಹಾಕಲು ಹೋದಾಗಲೆಲ್ಲ ಅವರು ಕೇಳುತ್ತಿದ್ದುದು ಅದೊಂದನ್ನೇ. ಡಾಕ್ಟರ್ ಶಶಿಕಾಂತ ಒಳ್ಳೆಯ ಮನುಷ್ಯ. ಮೇಲಿನವರಿಗೆ ಬರೆದಿದ್ದೇನೆ, ಮುಂದಿನ ಸುತ್ತಿನೊಳಗೆ ನಳ ಬರುತ್ತದೆಂದು ಹೇಳಿ ಎನ್ನುತ್ತಿದ್ದರು. ಹಾಜರಾಬಿ ಆ ಮಾತನ್ನು ಡಬ್ಬಿಯ ಜೊತೆಗೆ ಮನೆಮನೆಗೆ ಹೊತ್ತು ತಿರುಗಿದಳು. ಆ ಮಾತಿಗಿಂತ ಡಬ್ಬಿಯೇ ಹಗುರವಾಗಿತ್ತು. ಬರಬರುತ್ತ ಆ ಮಾತು ಹೇಳುವಾಗ ಅವಳು ಎದುರಿನವರ ಮುಖ ನೋಡುವುದನ್ನು ಬಿಟ್ಟಿದ್ದಳು.

ಎರಡು ಸಾವಿರದ ಮೂರರ ಜನವರಿ ಸುತ್ತು. ಓಣಿಯನ್ನು ಅಲ್ಲಿನವರಿಗೇ ಕೊಡಬಾರದೆಂದು ಆ ಸಲ ಹೊಸ ನಿಯಮ ಬಂದಿದ್ದರಿಂದ ಹಾಜರಾಬಿಯ ಓಣಿ ಅಂಗನವಾಡಿಯ ಕಾವೇರಿಯ ಪಾಲಿಗೆ ಬಂದಿತ್ತು. ಸಂಜೆ ಮೊಣಕಾಲು ಹಿಡಿದುಕೊಳ್ಳುತ್ತ ಮನೆ ಮುಟ್ಟಿದ ಹಾಜರಾಬಿ ತನ್ನ ಬಾಗಿಲ ಮೇಲಿನ ದುಂಡನೆಯ ‘ಪಿ’ ನೋಡಿ ಹಗುರಾದಳು. ನಾಲ್ಕು ತಿಂಗಳ ಮೊಮ್ಮಗ ಹುಸೇನಬಾಷಾನಿಗೆ ಇದು ಮೊದಲ ಸುತ್ತು. ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಅದರ ಎಡಗೈ ಕಿರುಬೆರಳು ನೋಡಿದಳು. ಹನಿ ಹಾಕಿದ ಮೇಲೆ ಉಗುರಿಗೆ ಹಚ್ಚುವ ಶಾಯಿ ಅಲ್ಲಿರಲಿಲ್ಲ.

ಸೊಸೆ ತಸ್ಲೀಮಾ ಖಾಲಿ ಕೊಡಗಳನ್ನು ಹೊರಗಿಡುತ್ತಿದ್ದಳು. ಹಾಜರಾಬಿ ಕೇಳಿದ್ದಕ್ಕೆ ಕಾವೇರಿ ಒಳಗೆ ಬರಲೇ ಇಲ್ಲ ಎಂದಳು. ಹಾಜರಾಬಿಯ ಮನೆಯಲ್ಲಿ ಹನಿ ಹಾಕಿಸಿದ್ದೀರಾ ಎಂದು ಕೇಳುವುದು ಪೂಜಾರಿಯ ಮನೆಗೆ ಹೋಗಿ ದೀಪ ಹಚ್ಚಿದ್ದೀರಾ ಎಂದಂತೆ; ಕಾವೇರಿ ಹೊರಗೇ ನಿಂತು ಬರೆದು ಮುಂದೆ ಹೋಗಿದ್ದಳು.

“ಬಂದಿದ್ರೂ ಬ್ಯಾಡ ಅಂತಿದ್ದೆ, ಅಮ್ಮಾ” ಎಂದಳು ತಸ್ಲೀಮಾ. ದನಿ ಏರಿರಲಿಲ್ಲ. “ಎರಡ ಹನಿ ಹಾಕಾಕ ಬಾಗಲತನಾ ಬರ್ತಾರ. ಒಂದ ಕೊಡ ನೀರಿಗೆ ನಾ ಎಷ್ಟ ದೂರ ಹೋಗ್ಬೇಕ್ರಿ? ನಿಮ್ಮ ಮಗನ ಕಡಿಂದ ಹೊರಾಕ ಆಗಂಗಿಲ್ಲ. ಬಾಷಾ ಹೊಟ್ಟ್ಯಾಗಿದ್ದಾಗನೂ ನಾನ ಹೊತ್ತೇನಿ. ಮುಂದಿನ ಸುತ್ತಿಗೆ ನಳ ಬರ್ತದ ಅಂತ ನೀವ ಹೇಳ್ಕೋತ ಬಂದೀರಿ.”

ಅವಳು ಕೊಡ ಎತ್ತಿಕೊಂಡು ಹೊರಟುಹೋದಳು. ಮನೆಯಲ್ಲಿ ಅಜ್ಜಿ, ಮೊಮ್ಮಗ ಇಬ್ಬರೇ. ಡಬ್ಬಿಯಲ್ಲಿ ಮಂಜುಗಡ್ಡೆ ಇನ್ನೂ ಪೂರ್ತಿ ಕರಗಿರಲಿಲ್ಲ, ಸೀಸೆಯ ತಳದಲ್ಲಿ ಔಷಧ ಉಳಿದಿತ್ತು. ಕೂಸು ಆಕಳಿಸಿತು. ಹಾಜರಾಬಿ ಸೀಸೆ ತೆಗೆದು ಅದರ ಬಾಯಿಯ ಹತ್ತಿರ ಹಿಡಿದಳು. ಒಂದು ಚಿಟಿಕೆ ಹೊತ್ತಿನ ಕೆಲಸ. ಬಾಗಿಲಿಗೆ ‘ಪಿ’ ಆಗಲೇ ಬಿದ್ದಿದೆ, ಯಾರಿಗೂ ತಿಳಿಯುವುದಿಲ್ಲ. ಕೂಸಿನ ಎಡಗಾಲು ಅವಳ ಮೊಣಕೈಗೆ ಮೆಲ್ಲಗೆ ಒದೆಯುತ್ತಿತ್ತು. ಮುಜಮ್ಮಿಲನೂ ಹೀಗೇ ಒದೆಯುತ್ತಿದ್ದ, ಆ ಜ್ವರ ಬರುವತನಕ.

ಆದರೂ ಆಗಲಿಲ್ಲ. ಇಷ್ಟು ವರ್ಷಗಳಲ್ಲಿ ಬೈಸಿಕೊಂಡಿದ್ದಳು, ಮುಖದ ಮೇಲೆ ಬಾಗಿಲು ಹಾಕಿಸಿಕೊಂಡಿದ್ದಳು, ಆದರೆ ಯಾವ ತಾಯಿಯ ಕಣ್ಣು ತಪ್ಪಿಸಿಯೂ ಹನಿ ಹಾಕಿರಲಿಲ್ಲ. ಆ ಕಳ್ಳತನವನ್ನು ಸ್ವಂತ ಮನೆಯಿಂದ ಶುರುಮಾಡುವುದೇ? ಸೊಸೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಸೀಸೆಯನ್ನು ಡಬ್ಬಿಗೆ ಹಾಕಿ ಹೊರಗೆ ಬಂದು, ಸೆರಗಿನಿಂದ ‘ಪಿ’ಯನ್ನು ತಿಕ್ಕಿ ಒರೆಸಿದಳು. ಓಣಿಯ ಹೆಂಗಸರು ನೋಡುತ್ತಿರುವಂತೆಯೇ ತನ್ನ ಬಾಗಿಲಿಗೆ ತಾನೇ ಕತ್ತರಿ ಎಳೆದಳು. ಅವಮಾನದಿಂದ ಕಿವಿ ಬಿಸಿಯಾದವು. ದೀಪದ ಬುಡಕ್ಕೇ ಕತ್ತಲೆ ಎಂದು ಯಾರೋ ಅಂದದ್ದೂ ಕೇಳಿಸಿತು.

ಮರುದಿನ ಬೆಳಿಗ್ಗೆ ಜೀಪು ಬಂತು. ಡಾಕ್ಟರ್ ಶಶಿಕಾಂತ ಇಳಿದವರೇ ಬಾಗಿಲನ್ನೂ ಹಾಜರಾಬಿಯನ್ನೂ ನೋಡಿ, ಗುರುತು ತಪ್ಪಿ ಬಿದ್ದಿದೆಯೇನೋ ಎಂದರು. ತಪ್ಪಿಲ್ಲ ಎಂದಳು ಹಾಜರಾಬಿ. ಹಿಂದೆ ಕಾವೇರಿ ತಲೆ ತಗ್ಗಿಸಿ ನಿಂತಿದ್ದಳು. ಡಾಕ್ಟರರು ತಸ್ಲೀಮಾಳಿಗೆ ರೋಗದ ವಿಚಾರ ಹೇಳಿದರು. ಅವಳು ಅಂಗಡಿಗೆ ಹೊರಟು ನಿಂತಿದ್ದ ಗಂಡನ ಕಾಲಿನತ್ತ ಕೈ ತೋರಿ, ಅದು ತನಗೆ ಗೊತ್ತು, ನೀರಿನ ವಿಚಾರ ಹೇಳಿ ಎಂದಳು. ಡಾಕ್ಟರರು ಅಭ್ಯಾಸಬಲದಿಂದ ಹಾಜರಾಬಿಯ ಕಡೆಗೆ ತಿರುಗಿದರು.

“ನೀವರೆ ಒಂದ ಮಾತ ಹೇಳ್ರಿ, ಹಾಜರಾಬಿಯವರ.”

“ನನ್ನ ಬಾಯಾಗಿನ ಮಾತು ತೀರ್ಯಾವ್ರಿ ಸಾಹೇಬ್ರ. ಆ ಮಾತು ನಿಮ್ದು. ಈ ಸಲ ನೀವ ಹೇಳ್ರಿ, ಆಕಿ ಮಾರಿ ನೋಡಿ.”

ಡಾಕ್ಟರರು ತಸ್ಲೀಮಾಳ ಮುಖ ನೋಡಿದರು. ಮುಂದಿನ ಸುತ್ತಿನೊಳಗೆ ಎನ್ನಲು ಬಾಯಿ ತೆರೆದರು, ಹೇಳಲಾಗಲಿಲ್ಲ. ನಳ ಯಾವಾಗ ಬರುತ್ತದೋ ತನಗೂ ಗೊತ್ತಿಲ್ಲ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಆ ಓಣಿ ಕೇಳಿದ ಮೊದಲ ಖರೇ ಮಾತು ಅದು.

ತಸ್ಲೀಮಾ ಒಳಗೆ ಹೋಗಿ ಕೂಸನ್ನು ತಂದು ಅತ್ತೆಯ ಮುಂದೆ ಹಿಡಿದಳು. “ನೀವ ಹಾಕ್ರಿ ಅಮ್ಮಾ. ನಿನ್ನೆ ನಾ ಇಲ್ಲದಾಗ ಹಾಕಬಹುದಿತ್ತು. ಹಾಕಲಿಲ್ಲ.”

ಹಾಜರಾಬಿ ಜೀಪಿನಲ್ಲಿ ಬಂದಿದ್ದ ಹೊಸ ಸೀಸೆಯಿಂದ ಎರಡು ಹನಿ ಹಾಕಿದಳು. ಕಿರುಬೆರಳಿನ ಉಗುರಿಗೆ ಶಾಯಿ ಹಚ್ಚಿ, ಆ ಪುಟ್ಟ ಕೈಯನ್ನು ಸುಮ್ಮನೆ ಹಿಡಿದುಕೊಂಡು ನಿಂತಳು. ಕಾವೇರಿ ಸೆರಗು ಮುಂದೆ ಮಾಡಿ ಕತ್ತರಿ ಅಳಿಸಲು ಹೋದಾಗ ಅವಳ ಕೈ ತಡೆದಳು.

“ಅದು ಇರ್ಲಿ ಬಿಡವಾ. ನಳ ಬಂದ ದಿನ ನೀರ ಹಾಕಿ ತೊಳದ್ರಾತು.”

ಆಮೇಲೆ ಡಬ್ಬಿಯನ್ನು ಹೆಗಲಿಗೆ ಏರಿಸಿಕೊಂಡಳು. ಮೊಣಕಾಲು ನಿನ್ನೆಯಷ್ಟೇ ನೋಯುತ್ತಿತ್ತು, ಉಳಿದ ಓಣಿಗಳು ಇನ್ನೂ ಇದ್ದವು.