ಆಲೆಟ್ಟಿಯ ಐತಿಹಾಸಿಕ ಸಂಕ

ಆಲೆಟ್ಟಿಯ ಅಚ್ಚುತನಿಗೆ ತನ್ನ ಸಂಕ ಐತಿಹಾಸಿಕವೆಂದು ಗೊತ್ತಾದದ್ದು ಅಧಿಕಾರಿಗಳು ಬಂದು ಹೇಳಿದ ಮೇಲೆ. ಅವನ ಮಟ್ಟಿಗೆ ಅದು ಹೊಳೆಗೆ ಅಡ್ಡ ಹಾಕಿದ ಎರಡು ಅಡಿಕೆ ಮರ, ಅಷ್ಟೆ. ಮಳೆಗಾಲದಲ್ಲಿ ಬೊಳ್ಳ ಬಂದು ಹೊಳೆ ಉಕ್ಕುವ ಮುಂಚೆ ಹಗ್ಗ ಕಟ್ಟಿ ಈಚೆ ದಡಕ್ಕೆ ಎಳೆದಿಡುವುದು, ನೀರಿಳಿದ ಮೇಲೆ ಪುನಃ ಹಾಕುವುದು. ಅಜ್ಜನ ಕಾಲದಿಂದ ಹೀಗೇ ನಡೆದಿತ್ತು. ಯಾರೂ ಅದಕ್ಕಾಗಿ ಭಾಷಣ ಮಾಡಿರಲಿಲ್ಲ.

“ಇದು ಚಲಿಸುವ ಸೇತುವೆ, ನಮ್ಮ ಪರಂಪರೆ! ನವೀಕರಣ ಆಗ್ಲೇಬೇಕು,” ಎಂದರು ಇಂಜಿನಿಯರು. ನವೀಕರಣವೆಂದರೆ ಆ ಮರಗಳನ್ನು ಅಚ್ಚುತನ ಕೊಟ್ಟಿಗೆಯ ಹಿಂದೆ ಎಸೆದು, ಗುಂಡಿ ಒತ್ತಿದರೆ ಮೇಲೇಳುವ ಕಬ್ಬಿಣದ ಸೇತುವೆ ಕೂರಿಸಿದ್ದು.

ಉದ್ಘಾಟನೆ ಜೂನಿನಲ್ಲಿ. ಹೊಳೆಯಲ್ಲಿ ಕುತ್ತಿಗೆ ಮಟ್ಟದ ಕೆಂಪು ನೀರು. ಗಣ್ಯರೆಲ್ಲ ಸೇತುವೆ ದಾಟಿ, ಆಚೆ ದಡದ ವೇದಿಕೆಯಲ್ಲಿ ನಿಂತು ಗುಂಡಿ ಒತ್ತಿದರು. ಸೇತುವೆ ಗಂಭೀರವಾಗಿ ಎದ್ದು ನಿಂತಿತು. ಚಪ್ಪಾಳೆ ಬಿತ್ತು. ಆಮೇಲೆ ಎಷ್ಟು ಒತ್ತಿದರೂ ಅದು ಇಳಿಯಲಿಲ್ಲ. ಕಾರುಗಳೂ ಊಟವೂ ಈಚೆ ದಡದಲ್ಲಿ!

ಅನ್ನ ಆರುವುದನ್ನು ನೋಡಲಾರದೆ ಅಚ್ಚುತನ ಹೆಂಡತಿ ದೇವಮ್ಮ ಅವನನ್ನು ತಿವಿದಳು: “ಎಂತ ನೋಡುದು? ಮರ ಉಂಟಲ್ಲ!”

ಅಚ್ಚುತ ನೆರೆಯವರನ್ನು ಕೂಡಿಕೊಂಡು ಹಳೆಯ ಮರಗಳನ್ನೇ ತಂದು ಹಾಕಿದ. ಗಣ್ಯರು ಚಪ್ಪಲಿ ಕೈಯಲ್ಲಿ ಹಿಡಿದು, ದೇವರ ಹೆಸರು ಹೇಳುತ್ತಾ, ಒಬ್ಬೊಬ್ಬರಾಗಿ ದಾಟಿ ಬಂದು ಎಲೆಯ ಮುಂದೆ ಕೂತರು.

ಆಚೆ ದಡದಲ್ಲಿ ಉಳಿದವರು ಇಂಜಿನಿಯರು ಒಬ್ಬರೇ. ಅಷ್ಟರಲ್ಲಿ ಈಚೆ ಪತ್ರಿಕೆಯವನೊಬ್ಬ ಕ್ಯಾಮರಾ ಎತ್ತಿದ. ಅವರು ಅಲ್ಲಿಂದಲೇ ಕಿರುಚಿದರು: “ಏ! ಫೋಟೋದಲ್ಲಿ ಬೀಳ್ತದೆ! ಮೊದಲು ಆ ಮರ ತೆಗೀರಿ!”

ಸರಕಾರದ ಮಾತನ್ನು ಅಚ್ಚುತ ಜೀವಮಾನದಲ್ಲಿ ಮೀರಿದವನಲ್ಲ. “ಆಯ್ತು ಸಾರ್,” ಎಂದವನೇ ಹಗ್ಗ ಎಳೆದ.